ಬೀರುವಿನ ಮೇಲಿನ ಆಟ

"ಆ ಚೆಸ್ ಬೋರ್ಡು ಈ ಮನೆಯಲ್ಲಿರೋದು ಇವತ್ತೇ ಕೊನೆ!"

ಭಾನುವಾರ ಬೆಳಗ್ಗೆ ಕನ್ನಡಕದಂಗಡಿಯ ಯಜಮಾನರು ಸ್ಟೂಲಿನ ಮೇಲೆ ನಿಂತು ಹೀಗೆಂದು ಘೋಷಿಸಿದರು. ಸ್ಟೂಲಿನ ಒಂದು ಕಾಲು ಗಿಡ್ಡ. ಹಾಗಾಗಿ ಘೋಷಣೆ ಸ್ವಲ್ಪ ಅಲ್ಲಾಡಿತು.

"ಅದರ ಪಾಡಿಗೆ ಅದು ಬೀರು ಮೇಲಿದೆ. ನಿಮಗೇನು ಮಾಡ್ತು, ಪಾಪ?" ಎಂದರು ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಹೆಂಡತಿ.

"ಆಸಕ್ತಿ ಹೋಯ್ತು ಅಂದ್ರೆ ಹೋಯ್ತು! ಒಂದು ಸಲ ಬಿಟ್ಟೆ ಅಂದ್ರೆ ತಿರುಗಿ ನೋಡೋ ಜಾಯಮಾನದವನಲ್ಲ ನಾನು!"

ಒಂದು ಕಾಲದಲ್ಲಿ ಹೀಗಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಭಾವಮೈದ ಪ್ರತಿ ಭಾನುವಾರ ಬರುತ್ತಿದ್ದ. ಬೋರ್ಡು ಬಿಚ್ಚಿದರೆ ಇಬ್ಬರಿಗೂ ಊಟವಿಲ್ಲ, ಸ್ನಾನವಿಲ್ಲ. ಒಮ್ಮೆಯಂತೂ ಯಜಮಾನರು ಬಿಸ್ಕತ್ತೆಂದುಕೊಂಡು ಕಾಲಾಳನ್ನೇ ಕಾಫಿಗೆ ಅದ್ದಿದ್ದರು! ಆಮೇಲೆ ಎರಡನೇ ಅಂಗಡಿ ಬಂತು, ಮಗಳ ಸ್ಕೂಲು ಬಂತು, ಕೈಗೆ ಫೋನು ಬಂತು. ಕೊನೆಯ ಆಟದ ಮಧ್ಯೆ ಯಾರೋ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರೆಂದು ಭಾವಮೈದ ಎದ್ದು ಓಡಿದ. "ಮುಂದಿನ ವಾರ ಮುಗಿಸೋಣ ಭಾವ!" ಅಂದ. ಆ ಮುಂದಿನ ವಾರ ಬರದೆ ಒಂಬತ್ತು ವರ್ಷವಾಗಿತ್ತು. ಕಾಯಿಗಳು ಇದ್ದ ಹಾಗೇ ಇರಬೇಕು, ಯಾರೂ ಮುಟ್ಟಕೂಡದು, ಸುತ್ತ ಧೂಳು ಮಾತ್ರ ಒರೆಸಬಹುದು ಎಂಬ ಅಪ್ಪಣೆಯೊಂದಿಗೆ ಬೋರ್ಡು ಬೀರು ಹತ್ತಿತ್ತು.

ನಿಜ ಹೇಳಬೇಕೆಂದರೆ, ಆ ದಿನ ಯಜಮಾನರ ಬಿಳಿ ಸೈನ್ಯಕ್ಕೆ ಉಸಿರು ಕಟ್ಟಿತ್ತು. ಲಿಫ್ಟು ಕೆಟ್ಟಿದ್ದಕ್ಕೆ ಅವರಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ. ಅದು ಭಾವಮೈದನಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೆಂಟರ ಯಾವ ಮದುವೆಗೆ ಹೋದರೂ ನಾಲ್ಕು ಜನರ ಮುಂದೆ ಅದೇ ಮಾತು: "ನಮ್ಮ ಭಾವ ಸೋಲೋಕೆ ಹೆದರಿ ಆಟಾನೇ ಬೀರು ಹತ್ತಿಸಿಬಿಟ್ರು!" ಯಜಮಾನರು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಬೋರ್ಡೇ ಇಲ್ಲದಿದ್ದರೆ ಮಾತೂ ಇಲ್ಲವಲ್ಲ ಎಂದು ಈ ದಿನ ಸ್ಟೂಲು ಹತ್ತಿದ್ದರು.

ಹತ್ತಿ ನೋಡುತ್ತಾರೆ! ಬಿಳಿ ಆನೆಗಳೆರಡೂ ಎದುರಾಳಿಯ ಕೋಟೆಯೊಳಗೆ! ಕಪ್ಪು ರಾಜ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ! ಮೂರೇ ನಡೆ, ಆಟ ಖತಂ!

"ಲೇ! ನಾನು ಗೆಲ್ತಿದ್ದೀನಿ ಕಣೇ!"

"ರೀ, ಒಂದು ಮಾತು..."

"ಆಮೇಲೆ! ನಿನ್ನ ತಮ್ಮನಿಗೆ ಫೋನ್ ಹಚ್ಚು!"

ಆ ದಿನ ತಮ್ಮ ಮಂತ್ರಿ ಸತ್ತಿದ್ದ ಹಾಗೆ ಅವರಿಗೆ ಮಸುಕು ಮಸುಕಾಗಿ ನೆನಪಿತ್ತು. ಈಗ ನೋಡಿದರೆ ಮಂತ್ರಿ ಬೋರ್ಡಿನ ನಡುವೆ ಎದೆಯುಬ್ಬಿಸಿ ನಿಂತಿದ್ದಾನೆ. ಊರಿನವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವರು ತಮ್ಮ ಕಣ್ಣನ್ನೇ ನಂಬದಿದ್ದರೆ ಹೇಗೆ?

ಅರ್ಧ ಗಂಟೆಯಲ್ಲಿ ಭಾವಮೈದ ಬಂದ. ಬೋರ್ಡು ನೋಡಿ ತಲೆ ಕೆರೆದುಕೊಂಡ.

"ಭಾವ, ನನ್ನ ಕುದುರೆಗಳು ಎಲ್ಲಿ?"

"ಒಂಬತ್ತು ವರ್ಷ ಆಯ್ತಪ್ಪ. ಮರೆವು ಎಲ್ಲರಿಗೂ ಬರುತ್ತೆ."

"ರೀ, ನಾನು ಹೇಳೋದು ಸ್ವಲ್ಪ..." ಎಂದರು ಹೆಂಡತಿ.

"ಆಮೇಲೆ ಅಂದ್ನಲ್ಲ! ಇದು ಯುದ್ಧದ ಸಮಯ!"

ಒಂದು ನಡೆ. ಎರಡು. ಮೂರು. ಕಪ್ಪು ರಾಜ ಉರುಳಿಬಿದ್ದ. ಯಜಮಾನರು ಕುರ್ಚಿಯಿಂದ ಎಗರಿದರು! ಹಳೆಯ ಭಾನುವಾರಗಳೆಲ್ಲ ಒಟ್ಟಿಗೆ ಮೈಮೇಲೆ ಬಂದ ಹಾಗಾಯಿತು. ಬೋರ್ಡಿನ ಫೋಟೋ ತೆಗೆದು ಅಷ್ಟೂ ನೆಂಟರಿಗೆ ಕಳಿಸಿದರು. "ಯಾರಪ್ಪಾ ಹೆದರಿದ್ದು? ಬೀರು ಹತ್ತಿದ್ದು ಯಾರು? ಹೇಳು, ಈಗ ಹೇಳು!"

"ಈಗಲಾದ್ರೂ ನಾನು ಹೇಳಲಾ?" ಎಂದು ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದರು. "ಅದು ನಿಮ್ಮಿಬ್ಬರ ಆಟ ಅಲ್ಲ."

"ಮತ್ತೆ ಯಾರದು?"

"ನನ್ನದು. ಬಿಳೀನೂ ನಾನೇ, ಕಪ್ಪೂ ನಾನೇ. ಧೂಳು ಒರೆಸೋವಾಗ ಒಂದೊಂದು ನಡೆ ಆಡ್ತಿದ್ದೆ. ಇದು ನಲವತ್ತೊಂದನೇ ಆಟ."



"ಹಾಗಾದ್ರೆ ನಮ್ಮ ಆಟ?" ಎಂದು ಯಜಮಾನರು ಬೋರ್ಡಿನ ಮೇಲೆ ಬಗ್ಗಿ ನೋಡಿದರು.

"ಅದನ್ನ ಆ ವರ್ಷವೇ ನಾನೇ ಆಡಿ ಮುಗಿಸಿದ್ನಲ್ಲ. ನೀವು ಸೋತ್ರಿ."

ಭಾವಮೈದ ನಕ್ಕ ನಗೆಗೆ ಗೋಡೆ ಹಿಡಿದುಕೊಳ್ಳಬೇಕಾಯಿತು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ!"

"ಕದ್ದು ಯಾಕೆ ಆಡ್ದೆ? ನನ್ನ ಕೇಳಬಾರದಿತ್ತಾ?" ಎಂದು ಯಜಮಾನರು ಸಿಡುಕಿದರು.

"ಕೇಳಿದ್ದೆ. ಒಂದಲ್ಲ, ಎರಡು ಸಲ. ಫೋನಿಂದ ತಲೆ ಎತ್ತದೆ 'ಆಸಕ್ತಿ ಹೋಯ್ತು' ಅಂದ್ರಿ. ಆಡೋಕೆ ಯಾರೂ ಇಲ್ಲ ಅಂತ ಎರಡು ಕಡೆಗೂ ನಾನೇ ನಿಂತೆ."

ಯಜಮಾನರಿಗೆ ನಾಚಿಕೆಯಾಯಿತು. ಸೋತದ್ದಕ್ಕಲ್ಲ, ಆ ಎರಡು ಸಲಕ್ಕೆ. ಫೋನನ್ನು ತೆಗೆದು ಬೀರುವಿನ ಮೇಲಿಟ್ಟರು. ಕಾಯಿಗಳನ್ನು ಒಂದೊಂದಾಗಿ ಜೋಡಿಸಿದರು. "ಬಾ, ಕೂತ್ಕೋ. ಕಪ್ಪೋ ಬಿಳಿಯೋ, ಒಂದು ಕಡೆ ಮಾತ್ರ ನಿನ್ನದು."

ಹೆಂಡತಿಯ ಮುಖ ಅರಳಿದ್ದನ್ನು ನೋಡಬೇಕಿತ್ತು! ಒಲೆ ಆರಿಸಿ ಬಂದು ಕೂತರು. ಇಪ್ಪತ್ತೆರಡನೇ ನಡೆಗೆ ಯಜಮಾನರ ರಾಜ ಮಲಗಿದ.

"ಬೇಕಾದ್ರೆ ನಾನು ಮಂತ್ರಿ ಇಲ್ಲದೆ ಆಡ್ತೀನಿ," ಎಂದರು ಹೆಂಡತಿ ಕನಿಕರದಿಂದ.

"ಏನಂದೆ! ನನಗೆ ರಿಯಾಯಿತಿಯೇ? ಈ ಜನ್ಮದಲ್ಲಿ ಬೇಡ!"

ಎರಡನೇ ಆಟ ಹದಿನಾಲ್ಕು ನಡೆಗೆ ಮುಗಿಯಿತು. ಮೂರನೆಯದು ಮುಗಿದಾಗ ಭಾವಮೈದನ ಕೈಯಲ್ಲಿದ್ದ ಬಿಸ್ಕತ್ತು ಇನ್ನೂ ಅರ್ಧ ಉಳಿದಿತ್ತು. ಊಟದ ಹೊತ್ತು ಮೀರಿಹೋಗಿತ್ತು, ಮೂವರಿಗೂ ಹಸಿವೆಯೆಂಬುದೇ ಮರೆತುಹೋಗಿತ್ತು. ನಾಲ್ಕನೇ ಆಟಕ್ಕೆ ಯಜಮಾನರು ಅಂಗಿಯ ತೋಳು ಮಡಿಸಿಕೊಂಡು ಹುರುಪಿನಿಂದ ಕಾಯಿ ಜೋಡಿಸಿದರು. ಭಾವಮೈದ ನೀರು ಕುಡಿಯಲು ಒಳಗೆ ಹೋಗುವುದನ್ನೇ ಕಾದು, ಹೆಂಡತಿಯ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ಆಗಲೇ ಮಂತ್ರಿ ಬಿಡ್ತೀನಿ ಅಂದ್ಯಲ್ಲ... ಅದರ ಜೊತೆ ಒಂದು ಆನೇನೂ ತೆಗೆದಿಟ್ಟುಬಿಡೇ."