ಮೂರು ಹುಲಿ, ಹದಿನೈದು ಕುರಿ, ಒಂದು ಟವೆಲ್ಲು

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನ ಮನೆಯಲ್ಲಿ ಒಂದೂ ಇಲ್ಲ. ಚಳ್ಳಕೆರೆಯ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿ ಶುರುಮಾಡಿ, ಸ್ವಂತ ಕಂಬಳಿ ಅಂಗಡಿ ಇಟ್ಟವನು ನಾನು. "ಯಮ ಬಂದ್ರೂ ನೀವು ಎರಡು ದಿನ ಜಾಸ್ತಿ ಇಸ್ಕಂಡೇ ಹೋಗ್ತೀರಿ" ಎಂದು ಹೆಂಡತಿ ಹಂಗಿಸುತ್ತಿದ್ದಳು. ಅವಳೇ ಮೊದಲು ಹೋದಳು. ಅಲ್ಲಿ ನನ್ನ ಮಾತು ನಡೆಯಲಿಲ್ಲ. ಈಗ ಮನೆಯಲ್ಲಿ ಮಾತಾಡುವುದು ಟಿ.ವಿ. ಒಂದೇ. ಎದುರು ಮಾತಾಡಿದರೆ ಅದು ಕೇಳಿಸಿಕೊಳ್ಳುವುದಿಲ್ಲ.

ಇಂಥವನಿಗೆ ಹೇಳಿ ಮಾಡಿಸಿದ ಆಟ ಹುಲಿ-ಕುರಿ. ನಿಮಗೂ ಕಲಿಸುತ್ತೇನೆ, ಬಿಟ್ಟಿಯಾಗಿ. ಚಪ್ಪಡಿಯ ಮೇಲೆ ಒಂದು ತ್ರಿಕೋನ ಗೀರಿ, ಅದರೊಳಗೆ ಅಡ್ಡ ಉದ್ದ ಗೆರೆ ಎಳೆಯಿರಿ. ಮೂರು ದಪ್ಪ ಕಲ್ಲು ಹುಲಿ, ಹದಿನೈದು ಸಣ್ಣ ಕಲ್ಲು ಕುರಿ. ಹುಲಿಗಳು ಮೊದಲೇ ಕೂರುತ್ತವೆ. ಕುರಿಯವನು ಸರದಿಗೊಂದರಂತೆ ಗೆರೆ ಕೂಡುವ ಕಡೆ ಇಡುತ್ತ ಹೋಗಬೇಕು. ಎಲ್ಲವನ್ನೂ ಇಟ್ಟು ಮುಗಿಸುವವರೆಗೆ ಯಾವ ಕುರಿಯೂ ಕದಲುವಂತಿಲ್ಲ. ಕುರಿಯ ಆಚೆ ಮನೆ ಖಾಲಿಯಿದ್ದರೆ ಹುಲಿ ಹಾರಿ ತಿನ್ನುತ್ತದೆ. ಮೂರೂ ಹುಲಿ ಅಲುಗದಂತೆ ಕಟ್ಟಿಹಾಕಿದರೆ ಕುರಿಯವನು ಗೆದ್ದ. ಹೊಸಬರು ಕುರಿಯನ್ನು ನಡುವೆ ಒಂಟಿಯಾಗಿ ಇಡುತ್ತಾರೆ, ಇಡಬೇಡಿ. ಬೆನ್ನ ಹಿಂದೆ ಯಾರೂ ಇಲ್ಲದ ಕುರಿಯನ್ನೇ ಹುಲಿ ತಿನ್ನುವುದು.

ಎಷ್ಟು ಕುರಿ ತಿಂದರೆ ಹುಲಿ ಗೆದ್ದ ಹಾಗೆ ಎಂಬುದು ಮಾತ್ರ ಊರಿಗೊಂದು ಥರ. ನಾನೂ ಓಬಯ್ಯನೂ ಅದನ್ನು ಕುರಿ ವ್ಯಾಪಾರದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ತೀರ್ಮಾನಿಸುತ್ತಿದ್ದೆವು. ಸಂತೆಯಲ್ಲಿ ಅಕ್ಕಪಕ್ಕದವರಿಗೆ ದರ ತಿಳಿಯಬಾರದೆಂದು ಹಾಗೆ ಮಾಡುವುದು. ನಮ್ಮ ಪಕ್ಕ ಒಂದು ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ, ಆದರೂ ಅಭ್ಯಾಸ. ಓಬಯ್ಯ ಮೊಳಕಾಲ್ಮೂರಿನ ನೇಕಾರ. ಪ್ರತಿ ಸೋಮವಾರ ಇಲ್ಲಿನ ಜವಳಿ ಅಂಗಡಿಗೆ ರೇಷ್ಮೆ ಸೀರೆ ತಂದುಕೊಟ್ಟು, ನಾಲ್ಕು ಗಂಟೆ ಬಸ್ಸಿನವರೆಗೆ ನನ್ನ ಅಂಗಡಿ ಮುಂದಿನ ಚಪ್ಪಡಿಯ ಮೇಲೆ ಕೂರುತ್ತಿದ್ದ. ಕುರಿ ಅವನಿಗೆ, ಹುಲಿ ನನಗೆ. ಅದೂ ನಾನು ಚೌಕಾಸಿ ಮಾಡಿ ಗಿಟ್ಟಿಸಿದ್ದೇ.

ಒಂದು ಸೋಮವಾರ ಅವನು ಎಂದಿನಂತೆ ಐದು ಬೆರಳು ಹಿಡಿದ, ಅಂದರೆ ಐದು ಕುರಿ. "ಲೇ ಓಬಯ್ಯ, ಕಣ್ಣು ಮಂಜಾಗೈತೆ, ವಯಸ್ಸಿಗಾದ್ರೂ ಮರ್ಯಾದೆ ಕೊಡಲೇ" ಎಂದು ಮೂರಕ್ಕೆ ಎಳೆದೆ. ಮೂರರಿಂದ ಎರಡು. ಆಮೇಲೆ, ಕೈ ಸುಮ್ಮನಿರಬೇಕಲ್ಲ, ಒಂದು. "ಸರಿ ಬಿಡಣ್ಣ" ಅಂದ. ಅವನು ಮೂರನೆಯ ಕುರಿ ಇಡುತ್ತಲೇ ನನ್ನ ಹುಲಿ ಹಾರಿತು. ಆಟ ಮುಗಿಯಿತು. ನಾನು ತೊಡೆ ತಟ್ಟಿಕೊಂಡೆ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು.

ಓಬಯ್ಯ ಪಂಚೆ ಕೊಡವಿಕೊಂಡು ಎದ್ದ. "ನಾನು ಗೆಲ್ಲಾಕೆ ಬರ್ತಿರ್ಲಿಲ್ಲಣ್ಣ, ಕುಂದ್ರಾಕೆ ಬರ್ತಿದ್ದೆ. ನೀನು ಅದನ್ನೂ ಇಳಿಸಿಬಿಟ್ಟೆ" ಎಂದವನು ಬಸ್ ನಿಲ್ದಾಣದ ಕಡೆ ನಡೆದ. ಮುಂದಿನ ವಾರದಿಂದ ಸೀರೆಗಳು ಬಸ್ಸಿನಲ್ಲಿ ಪಾರ್ಸೆಲ್ಲಾಗಿ ಬಂದವು, ಅವನು ಬರಲಿಲ್ಲ.

ನಾನೊಬ್ಬನೇ ಆಡಿ ನೋಡಿದೆ. ಟವೆಲ್ಲಿನ ಕೆಳಗೆ ಬಲಗೈ ಎಡಗೈಯೊಂದಿಗೆ ವ್ಯವಹಾರ ನಡೆಸಿತು. ಬಲಗೈ ಗೆದ್ದಿತು. ಎಡಗೈ ಮುನಿಸಿಕೊಂಡು ಬಸ್ಸು ಹತ್ತಲೂ ಆಗದೆ ಅಲ್ಲೇ ಕೂತಿತ್ತು. ಹೀಗೆ ಎಷ್ಟೋ ಸೋಮವಾರ ಕಳೆದ ಮೇಲೆ ನಾನೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಓಬಯ್ಯ ಮಗ್ಗದಿಂದ ತಲೆ ಎತ್ತಲಿಲ್ಲ. "ಏನಣ್ಣ, ಈ ಕಡೆ?"

"ಸೀರೆ ನೋಡಾಣ ಅಂತ."

"ನಿನಗ್ಯಾಕೆ ಈಗ ಸೀರೆ?"

ಕೇಳಬಾರದಿತ್ತೆಂದು ಅವನಿಗೇ ಅನಿಸಿ ಮಗ್ಗ ನಿಲ್ಲಿಸಿದ. ನಾನು ಹೆಗಲ ಟವೆಲ್ಲು ತೆಗೆದು ಅವನ ಕೈ ಮೇಲೆ ಹರವಿದೆ. "ತಿಂಗಳಿಗೆ ಎಷ್ಟು ಸೋಮವಾರ ಬರ್ತೀಯ, ಹೇಳಲೇ" ಎಂದು ನಾಲ್ಕು ಬೆರಳು ಕೊಟ್ಟೆ. ಅವನು ಮೂರನ್ನು ಮಡಚಿ, ಒಂದನ್ನು ಹಿಡಿದ.

"ಕುರಿ ನಂಗಿರ್ಲಿ, ಹುಲಿ ನೀನೇ ಇಟ್ಕ" ಎಂದೆ.

"ಅದೆಲ್ಲ ಬ್ಯಾಡ. ಕುರಿ ನಂದೇ. ಬಸ್ ಬರೋಗಂಟ ತಿನ್ನಬ್ಯಾಡ, ಅಷ್ಟೇ."

ಎದುರಿನವನು ಮೊದಲು ಹೇಳಿದ ದರಕ್ಕೆ ಎಂದೂ ಒಪ್ಪಬೇಡಿ ಎಂದು ನಿಮಗೆ ಬುದ್ಧಿ ಹೇಳಬೇಕೆಂದೇ ಇದನ್ನು ಬರೆಯಲು ಕೂತೆ. ಆದರೆ ನಾನು ಆ ಒಂದು ಬೆರಳಿಗೇ "ಆಗ್ಲಿ" ಅಂದುಬಿಟ್ಟಿದ್ದೆ. ಅವನು ಹಿಡಿದ ಬೆರಳ ಮೇಲಿನ ಟವೆಲ್ಲು ತೆಗೆಯುವುದಕ್ಕೆ ಮಾತ್ರ ಸ್ವಲ್ಪ ತಡಮಾಡಿದೆ.