ದೊರೆಯ ಪಥ್ಯ

ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಮನೆಯ ಮೂಲೆಯಲ್ಲಿ ಬೆಕ್ಕಿನ ಉಚ್ಚೆಗೆಂದು ಇಟ್ಟಿದ್ದ ಮರಳಿನ ತಟ್ಟೆ ಒಣಗಿಕೊಂಡೇ ಇತ್ತು. ಗಡಿಯಾರ ರಿಪೇರಿಯವನು ಕಣ್ಣಿಗೆ ಕೆಲಸದ ಭೂತಗನ್ನಡಿ ಸಿಕ್ಕಿಸಿಕೊಂಡು ಮತ್ತೆ ಬಗ್ಗಿ ಹುಡುಕಿದ. ಒಂದು ಹನಿಯ ಗುರುತೂ ಇಲ್ಲ.

ಬೆಕ್ಕು ಅವನ ಅಕ್ಕನದು. ಹೆಸರು ದೊರೆ, ದರ್ಬಾರೂ ಹಾಗೆಯೇ. ಅದರ ಮೂತ್ರಕೋಶದಲ್ಲಿ ಕಲ್ಲಾಗಿತ್ತು. ಮಗಳ ಹೆರಿಗೆಗೆಂದು ಹೊರಟ ಅಕ್ಕ ಅದನ್ನು ಎರಡು ತಿಂಗಳ ಮಟ್ಟಿಗೆ ತಮ್ಮನ ಕೊರಳಿಗೆ ಕಟ್ಟಿಹೋಗಿದ್ದಳು. ಪಶುವೈದ್ಯೆಯದು ಕಟ್ಟಪ್ಪಣೆ: "ಈ ಪಥ್ಯದ ಕಾಳು, ನೀರು. ಬೇರೆ ಏನೂ ಬಾಯಿಗೆ ಹೋಗಬಾರದು. ಕಲ್ಲು ನಿಧಾನಕ್ಕೆ ಕರಗುತ್ತೆ. ಆದ್ರೆ ಗಂಡು ಬೆಕ್ಕು, ಮೂತ್ರ ಕಟ್ಟಿತು ಅಂದ್ರೆ ಪ್ರಾಣಕ್ಕೇ ಸಂಚಕಾರ. ಆಗ ಒಂದು ಗಳಿಗೆನೂ ಕಾಯಬೇಡಿ."

ಅಂದಿನಿಂದ ಅವನದು ನಾಯಿಪಾಡು. ತಾನು ಉಪವಾಸವಿದ್ದರೂ ದೊರೆಗೆ ಹೊತ್ತುಹೊತ್ತಿಗೆ ತೂಗಿ ಬಡಿಸಬೇಕು. ಪಥ್ಯ ಹಿಡಿಸದಿದ್ದರೆ ದೊರೆ ಮೇಜಿಗೆ ಹಾರಿ, ಸಾಸಿವೆಯಷ್ಟಿದ್ದ ಸ್ಕ್ರೂಗಳನ್ನೆಲ್ಲ ನೆಲಕ್ಕೆ ಎರಚುತ್ತಿತ್ತು. ಅವನ ಕೈಗಳು ಪರಚಿದ ಗಾಯದಿಂದ ಗೀರುಹಾಕಿದ ಸ್ಲೇಟಿನಂತಾಗಿದ್ದವು. ಇವತ್ತು ಬೆಳಗಿನ ರೈಲಿಗೆ ಅಕ್ಕ ಬರುತ್ತಾಳೆ, ಸಂಜೆ ಸ್ಕ್ಯಾನ್, ಆಮೇಲೆ ತಾನು ಸ್ವತಂತ್ರ ಅಂದುಕೊಂಡಿದ್ದ. ಈಗ ನೋಡಿದರೆ ಹೀಗೆ.

ಆಸ್ಪತ್ರೆಗೆ ಫೋನ್ ಮಾಡಿದ. "ಸಂಜೆ ತನಕ ಇರಬೇಡಿ, ಈಗಲೇ ತನ್ನಿ" ಎಂದರು. ತಿರುಗಿ ನೋಡಿದರೆ ದೊರೆಯೇ ಇಲ್ಲ! ಕಿಟಕಿ ತೆರೆದಿತ್ತು.

ಮೆಟ್ಟಿಲಿಳಿದು ಓಡಿದ. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರ ಅಡುಗೆಮನೆಯಲ್ಲಿ ದೊರೆ ತಟ್ಟೆ ನೆಕ್ಕುತ್ತಿತ್ತು.

"ಏನ್ ಕೊಟ್ರಿ ಸಾರ್?"

"ಹುರಿದ ಮೀನು. ಪಾಪ, ಮೂರು ದಿನದಿಂದ ಬರ್ತಿದೆ. ಹೊಟ್ಟೇಲಿ ಕಲ್ಲಾದ ಪ್ರಾಣಿಗೆ ಕಲ್ಲಿನಂಥ ಕಾಳನ್ನೇ ತಿನ್ನಿಸ್ತೀಯಲ್ಲಯ್ಯ, ಬುದ್ಧಿ ಇದೆಯಾ?"

ಗಲಾಟೆ ಕೇಳಿ ಪಕ್ಕದ ಮನೆಯ ಟೈಲರಮ್ಮ ಸೂಜಿ ಹಿಡಿದೇ ಬಂದಳು. "ನಾನೂ ನಿನ್ನೆ ಒಂದ್ ಬಟ್ಟಲು ಹಾಲು ಕೊಟ್ಟೆ ಕಣಣ್ಣಾ. ಈಗ ಬಾರ್ಲಿ ನೀರು ಕುಡಿಸಿಬಿಡು, ನಮ್ಮ ಮಾವನ ಕಲ್ಲು ಅದರಲ್ಲೇ ಹೋಯ್ತು."

"ಮಾವನಿಗೆ ಬಾಲ ಇತ್ತೇನಮ್ಮಾ!" ಎಂದು ಅವನು ಕಿರುಚಿದ. ಮೂವರೂ ಸೇರಿ ಬೆಕ್ಕಿನ ಹಿಂದೆ ಬಿದ್ದರು. ಮೇಷ್ಟ್ರು ಕುರ್ಚಿ ಸಮೇತ ಉರುಳಿದರು. ಟೈಲರಮ್ಮನ ಸೂಜಿ ಅವನ ಮೊಣಕೈಗೆ ಚುಚ್ಚಿತು. ಕೊನೆಗೆ ಬೆಡ್‌ಶೀಟಿನಲ್ಲಿ ಸುತ್ತಿ ಬುಟ್ಟಿಗೆ ತುಂಬಿದ್ದಾಯಿತು. ಆಟೋದಲ್ಲಿ ದಾರಿಯುದ್ದಕ್ಕೂ ದೊರೆ ಗಂಟಲು ಹರಿದುಕೊಂಡಿತು. ನೋವಿಗೋ ಸಿಟ್ಟಿಗೋ ತಿಳಿಯದೆ ಅವನು ಬುಟ್ಟಿಗೆ ಕಿವಿಯಿಟ್ಟು, "ಸಾಯ್ಬೇಡ ಮಾರಾಯಾ, ಸಾಯ್ಬೇಡ" ಎನ್ನುತ್ತಿದ್ದ.

ವೈದ್ಯೆ ಬೆಕ್ಕನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದಳು. ಫೋನಿನಲ್ಲಿ ಸುದ್ದಿ ತಿಳಿದ ಅಕ್ಕ ಸ್ಟೇಷನ್ನಿನಿಂದ ನೇರ ಅಲ್ಲಿಗೇ ಬಂದಳು. ಕಣ್ಣು ಕೆಂಪಗಾಗಿತ್ತು.

"ಲೋ, ಏನಾದ್ರೂ ತಿನ್ನಿಸಿದ್ಯೇನೋ?"

ಮುಚ್ಚಿಟ್ಟು ಬೆಕ್ಕಿಗೆ ಏನಾದರೂ ಆದರೆ? ಇರಲಿ, ಹೇಳಿಬಿಡೋಣ ಎಂದು ಬಾಯಿ ತೆರೆದ. "ಅಕ್ಕಾ, ಅದು ಏನಾಯ್ತು ಅಂದ್ರೆ..."

ಬಾಗಿಲು ತೆರೆಯಿತು. ವೈದ್ಯೆ ನಗುತ್ತಿದ್ದಳು.

"ಮೂತ್ರಕೋಶ ಖಾಲಿ ಇದೆ. ಹೊರಗೆಲ್ಲೋ ಮುಗಿಸ್ಕೊಂಡು ಬಂದಿದೆ ಅಷ್ಟೆ. ಸ್ಕ್ಯಾನ್‌ನಲ್ಲಿ ಒಂದು ಕಲ್ಲೂ ಕಾಣ್ತಿಲ್ಲ, ಎಲ್ಲಾ ಕರಗಿದೆ! ಪಥ್ಯ ನೋಡಿಕೊಂಡವರು ಯಾರು?"

ಅವನ ಎದೆ ರೊಟ್ಟಿಯಂತೆ ಉಬ್ಬಿತು. "ನಾನೇ! ಎರಡು ತಿಂಗಳು ಹೊರಗಿನ ಒಂದು ತುತ್ತೂ ಮುಟ್ಟಿಸಿಲ್ಲ ಮೇಡಂ. ಗಡಿಯಾರ ಇಟ್ಕೊಂಡು, ತೂಕ ಮಾಡಿ ಹಾಕಿದ್ದೀನಿ."

"ಹಾಗಾದ್ರೆ ಕೇಳಿ," ವೈದ್ಯೆ ಅಕ್ಕನತ್ತ ತಿರುಗಿದಳು. "ಕಲ್ಲು ಮತ್ತೆ ಬರಬಹುದು. ಈ ಪಥ್ಯ ಇನ್ನು ಮುಂದೆ ಯಾವಾಗಲೂ ಬೇಕು. ನಿಮ್ಮ ಮನೇಲಿ ಇದೇ ಶಿಸ್ತು ಇರುತ್ತಾ?"

ಅಕ್ಕ ಕಣ್ಣೊರೆಸಿಕೊಂಡಳು. "ಎಲ್ಲಿಂದ ಬರ್ಬೇಕು ಡಾಕ್ಟ್ರೇ? ಅದು ಒಂದ್ಸಲ ಮುಖ ನೋಡಿದ್ರೆ ನನ್ನ ತಟ್ಟೇದನ್ನೇ ತೆಗೆದು ಹಾಕ್ತೀನಿ. ನನ್ನ ದೊರೆ ಬದುಕಬೇಕು ಅಂದ್ರೆ ಇವನ ಹತ್ರಾನೇ ಇರ್ಲಿ."

ಅವನಿಗೆ ನೆಲ ಬಿರಿದಂತಾಯಿತು. "ಅಯ್ಯೋ ಅಕ್ಕಾ, ಸುಳ್ಳು ಹೇಳಿದೆ! ಮೇಷ್ಟ್ರು ಮೀನು ಹಾಕಿದ್ರು, ಟೈಲರಮ್ಮ ಹಾಲು ಕೊಟ್ಟಿದ್ಳು, ಕಿಟಕಿ ಮುಚ್ಚೋದೇ ನಾನು ಮರೆತಿದ್ದೆ!"

ಅಕ್ಕ ಅವನ ಪರಚುಗಾಯದ ಕೈಯನ್ನು ನೇವರಿಸಿದಳು. "ನೋಡಿ ಡಾಕ್ಟ್ರೇ, ಚಿಕ್ಕಂದಿನಿಂದ ಹೀಗೇ ಇವನು. ಹೊಗಳಿದ್ರೆ ಸಂಕೋಚ."

"ಪಥ್ಯದ ಚೀಲ ಚಿಕ್ಕದು ಕೊಡಲಾ, ದೊಡ್ಡದಾ?" ವೈದ್ಯೆ ಕೇಳಿದಳು.

"ದೊಡ್ಡದೇ ಕೊಡಿ," ಎಂದಳು ಅಕ್ಕ.