ಸೋರಿಕೆ ವರದಿ ಸಿಕ್ಕಿದ್ದು

ಬೆಳಿಗ್ಗೆ ಹತ್ತೂಕಾಲಿಗೆ ನೀರು ಸರಬರಾಜು ಕಚೇರಿಯ ಗುಮಾಸ್ತನ ಕಂಪ್ಯೂಟರು ಟಕ್ ಟಕ್ ಎಂದು ನಾಲ್ಕು ಸಲ ಲೊಚಗುಟ್ಟಿ ಕಣ್ಣು ಮುಚ್ಚಿತು. ಹಾರ್ಡ್ ಡಿಸ್ಕ್ ಹೋಗಿತ್ತು. ಗುಮಾಸ್ತನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಊರಿನ ಕೊಳವೆಗಳು ಎಲ್ಲೆಲ್ಲಿ ಸೋರುತ್ತವೆ ಎಂಬ ವರದಿಯನ್ನು ಅವನು ಸಂಜೆಯೊಳಗೆ ಸಾಹೇಬರಿಗೆ ಒಪ್ಪಿಸಬೇಕಿತ್ತು. ಮೂರು ತಿಂಗಳಿಂದ "ಮುಗೀತಾ ಬಂತು ಸಾರ್" ಎನ್ನುತ್ತಿದ್ದನೇ ಹೊರತು ಒಂದಕ್ಷರ ಬರೆದಿರಲಿಲ್ಲ.

ಮುಖವನ್ನು ಹಿಂಡಿದ ಬಟ್ಟೆಯಂತೆ ಮಾಡಿಕೊಂಡು ಸಾಹೇಬರ ಮುಂದೆ ನಿಂತ. "ಎಲ್ಲಾ ಹೋಯ್ತು ಸಾರ್. ವರದಿ ಅದರಲ್ಲೇ ಇತ್ತು."

ಸಾಹೇಬರು ಬಾಯಿ ತೆರೆಯುವ ಮೊದಲೇ ಟೈಪಿಸ್ಟ್ ಅಕ್ಕನ ಕರುಳು ಚುರುಕ್ಕೆಂದಿತು. "ಅಯ್ಯೋ ಪಾಪ, ಮೂರು ತಿಂಗಳ ದುಡಿಮೆ. ಹಾಗೇ ಬಿಡೋಕಾಗತ್ತಾ?"

"ಬಿಡಿ ಅಕ್ಕಾ, ಹೋಗಿದ್ದು ಹೋಯ್ತು."

"ಬಿಡೋದು ನಿನ್ನಿಷ್ಟ ಕಣಪ್ಪ, ನಾವು ಬಿಡ್ತೀವಾ?" ಎನ್ನುತ್ತ ಕಚೇರಿಯಲ್ಲಿ ನಕ್ಷೆ ಬರೆಯುವವರೊಬ್ಬರು ಡಿಸ್ಕನ್ನು ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಫ್ರಿಜ್ಜಿನಲ್ಲಿ ಊಟದ ಡಬ್ಬಿಗಳ ನಡುವೆ ಮಲಗಿಸಿದರು. ತಣ್ಣಗಾದರೆ ಒಂದೊಂದಕ್ಕೆ ಜೀವ ಬರುತ್ತದಂತೆ. ಗುಮಾಸ್ತ ನೀರು ಕುಡಿಯುವ ನೆಪದಲ್ಲಿ ಎರಡು ಸಲ ಹೋಗಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಬಂದ. ಹನ್ನೊಂದೂವರೆಗೆ ತೆಗೆದು ನೋಡಿದರೆ ಡಿಸ್ಕು ಬೆವರಿತ್ತೇ ಹೊರತು ಎದ್ದಿರಲಿಲ್ಲ.

ಅವನು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ ಅಕ್ಕನಿಗೆ ತಮ್ಮ ನಾದಿನಿಯ ಮೈದುನ ನೆನಪಾದ. ಸತ್ತ ಡಿಸ್ಕುಗಳಿಂದ ಫೈಲು ತೆಗೆಯುವುದೇ ಅವನ ಕಸುಬು. ಅಕ್ಕ ಗುಮಾಸ್ತನನ್ನು ಸ್ಕೂಟರಿನ ಹಿಂದೆ ಹತ್ತಿಸಿಕೊಂಡು, ಬೆಕ್ಕನ್ನು ಸ್ನಾನಕ್ಕೆ ಒಯ್ಯುವಂತೆ ಒಯ್ದರು.

ಮೈದುನ ಭೂತಗನ್ನಡಿ ಹಿಡಿದು ನೋಡಿ, "ಓದೋ ಮುಳ್ಳು ಮಾತ್ರ ಹೋಗಿದೆ. ಬೇರೆ ಹಾಕ್ತೀನಿ," ಎಂದ. ಮೂರು ಗಂಟೆಗೆ ಗುಮಾಸ್ತನ ಫೈಲುಗಳೆಲ್ಲ ಪರದೆಯ ಮೇಲೆ ಸಾಲಾಗಿ ಎದ್ದು ಬಂದವು. ವರದಿ ಮಾತ್ರ ಇಲ್ಲ.

"ಕೈತಪ್ಪಿ ಅಳಿಸಿರ್ಬೇಕು," ಎಂದು ಗುಮಾಸ್ತ ತೊದಲಿದ.

"ಅಷ್ಟೇನಾ? ಅಳಿಸಿದ್ದನ್ನೂ ತೆಗೀತೀನಿ, ಕೂತ್ಕೊಳಿ."

ನಾಲ್ಕೂವರೆಗೆ ಪ್ರಿಂಟರು ಎಂಬತ್ತಾರು ಪುಟ ಉಗುಳಿತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ "ಕೊಳವೆ ಸೋರಿಕೆ ವರದಿ." ತಾನು ಬರೆಯದ ವರದಿಯನ್ನು ಗುಮಾಸ್ತ ಬಾಯಿ ಬಿಟ್ಟುಕೊಂಡು ತಿರುವಿದ. ಆಸ್ಪತ್ರೆಯ ಹಿಂಗೋಡೆ, ಬಸ್ ನಿಲ್ದಾಣದ ಮೂಲೆ, ಶಾಲೆಯ ಗೇಟು, ಎಲ್ಲ ಸೋರಿಕೆಯೂ ಇವತ್ತು ಇರುವಲ್ಲೇ ಇತ್ತು. ಬರೆದವರ ಹೆಸರಿರಬೇಕಾದ ಕೊನೆಯ ಪುಟ ಮಾತ್ರ ಸಿಕ್ಕಿರಲಿಲ್ಲ. ತನಗಿಂತ ಹಿಂದೆ ಆ ಕುರ್ಚಿಯಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮ ಬರೆದಿಟ್ಟು, ಅಳಿಸಿ ಹೋಗಿದ್ದ.

"ಇದೇ ಅಕ್ಕಾ," ಎಂದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಐದು ಗಂಟೆಗೆ ಸಾಹೇಬರು ಕನ್ನಡಕ ಏರಿಸಿಕೊಂಡು, ಪುಟದ ಮೇಲೆ ಪುಟ ಮಗುಚಿದರು.

"ಏನು ಭಾಷೆ, ಏನು ಅಚ್ಚುಕಟ್ಟು. ಇದಕ್ಕೆ ಪೂರ್ತಿ ಮೂರು ತಿಂಗಳು ಹಿಡೀತಾ?"

"ಊಟ ನಿದ್ದೆ ಬಿಟ್ಟು ಕೂತಿದ್ದೆ ಸಾರ್."

"ಹೌದಾ. ಒಂಬತ್ತು ವರ್ಷದ ಹಿಂದೆ ಇದನ್ನ ಬರೆದಾಗ ನಂಗೆ ನಾಲ್ಕೇ ದಿನ ಸಾಕಾಗಿತ್ತು." ಸಾಹೇಬರು ಎಂಬತ್ತಾರು ಪುಟಗಳನ್ನೂ ಜೋಡಿಸಿ ತಮ್ಮ ಡ್ರಾಯರಿನಲ್ಲಿಟ್ಟುಕೊಂಡು ಕೈ ಚಾಚಿದರು. "ಇದು ನಂದು. ಈಗ ನಿಮ್ದು ಕೊಡಿ."